ಏಳು ಇಪ್ಪತ್ತೆರಡಕ್ಕೆ ನಿಂತ ಗುಂಯ್

ಕಂತು ಹನ್ನೊಂದು

“ಮಹಾಜನಗಳೇ, ಮಾತೆಯರೇ, ಹಾಗೂ ಬಾಗಿಲಾಚೆ ಬೀಡಿ ಸೇದುತ್ತಾ ನಿಂತಿರುವ ಗೌರವಾನ್ವಿತ ಸದಸ್ಯರೇ! ಇದೊಂದು ಗಂಭೀರ ಪ್ರಕಟಣೆ. ಈ ಕ್ಷಣದಿಂದ ಮುಂದಿನ ಆದೇಶ ಹೊರಡುವವರೆಗೆ ನಮ್ಮ ಸಂಘದ ಸೀಲಿಂಗ್ ಫ್ಯಾನನ್ನು ನಿಲ್ಲಿಸಲಾಗುವುದು. ಸದಸ್ಯರು ಬೆವರಿ ಸಹಕರಿಸಬೇಕು.”

ತಿಪ್ಪಜ್ಜನಕೊಪ್ಪಲು ಹಾಲು ಉತ್ಪಾದಕರ ಸಂಘದ ಅಧ್ಯಕ್ಷ ಪುಟ್ಟಸ್ವಾಮಿ ಇಷ್ಟು ಹೇಳಿ ಕೈಮುಗಿದರು. ಫ್ಯಾನು ಮೂರು ಸುತ್ತು ಯೋಚಿಸಿ, ನಾಲ್ಕನೆಯದಕ್ಕೆ ಒಪ್ಪಿಕೊಂಡು ನಿಂತಿತು.

ಕಾರಣವಿತ್ತು. ಸಭೆಯ ಮುಂದಿದ್ದ ಏಕೈಕ ಸಾಕ್ಷಿ ಒಂದು ಲ್ಯಾಪ್‌ಟಾಪು. ಹೋದ ವರ್ಷ ಅದು ಸಂಘಕ್ಕೆ ಬಂದ ದಿನವೇ ಹಾಲಿನ ತಕ್ಕಡಿಗೆ ಏರಿಸಿ ತೂಗಿದ್ದರು. ಒಂದು ಲೀಟರ್ ಹಾಲಿಗಿಂತ ಹಗುರ ಎಂದು ಊರಿಗೆ ಊರೇ ಹಿಗ್ಗಿತ್ತು. ದಪ್ಪ ನೋಡಿದರೆ ಅಕ್ಕಿರೊಟ್ಟಿಯಷ್ಟು. ದನಿ ಕೇಳಿದರೆ ಆ ರೊಟ್ಟಿಯ ಕೆಳಗೆ ಸಿಕ್ಕಿಬಿದ್ದ ಇರುವೆಯಷ್ಟು. ಫ್ಯಾನು ತಿರುಗಿದರೆ ಸಾಕ್ಷಿ ಕೇಳಿಸದು. ಫ್ಯಾನು ನಿಂತರೆ ಸಾಕ್ಷಿ ಕೇಳುವವರು ಉಳಿಯರು.

ತೂಕದ ವಿಷಯವನ್ನು ತೂಕವಿಲ್ಲದ ಲ್ಯಾಪ್‌ಟಾಪಿನ ಮೇಲೆ ಹೊರಿಸಿ, ಅರವತ್ಮೂರು ಸದಸ್ಯರು ಬೆವರೊರೆಸಿಕೊಂಡು ಕೂತರು.

ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ರೇವಮ್ಮ. ಹತ್ತೊಂಬತ್ತು ವರ್ಷ ಈ ಸಂಘದಲ್ಲಿ ಹಾಲು ಪರೀಕ್ಷೆ ಮಾಡಿದವಳು. ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದಂತೆ, ಹಸು ನಿನ್ನೆ ಏನು ತಿಂದಿತ್ತು ಎಂದು ಮೂಗಿನಲ್ಲೇ ಹೇಳುತ್ತಿದ್ದಳು. ಮೂವತ್ತು ದಿನದಿಂದ ಅವಳಿಗೆ ಪರೀಕ್ಷೆಯ ಕೋಣೆಗೆ ಪ್ರವೇಶವಿಲ್ಲ. ಅವಳು ಬೀದಿಯಲ್ಲಿ ಎದುರಾದರೆ ಕೆಲವರು ಕ್ಯಾನನ್ನು ಅವಳಿಂದ ದೂರದ ಕೈಗೆ ಬದಲಿಸಿಕೊಳ್ಳುತ್ತಿದ್ದರು. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು.

ಆರೋಪವೆಂದರೆ, ತಿಂಗಳ ಹಿಂದೆ ಒಂದು ಸಂಜೆ ಹಾಲು ತಣ್ಣಗಿಡುವ ಯಂತ್ರವನ್ನು ಯಾರೋ ಆಫ್ ಮಾಡಿದ್ದರು. ಬೆಳಿಗ್ಗೆ ಟ್ಯಾಂಕರ್ ಬಂದಾಗ ಸಾವಿರದ ಎಂಟುನೂರು ಲೀಟರ್ ಹಾಲು ಒಡೆದು ಕೂತಿತ್ತು. ಏಳು ಗಂಟೆಗೆ ಕೊನೆಯದಾಗಿ ಬೀಗ ಹಾಕಿದವಳು ರೇವಮ್ಮ. ಆಡಳಿತ ಮಂಡಳಿ ಅವಳನ್ನು ಕೆಲಸದಿಂದ ತೆಗೆಯಿತು. ಸಂಘದ ನಿಯಮದ ಪ್ರಕಾರ ಮೂವತ್ತು ದಿನದೊಳಗೆ ಸದಸ್ಯರ ಸಭೆ ಬೇಡವೆಂದರೆ ಮಾತ್ರ ಆ ಆದೇಶ ಬೀಳುತ್ತದೆ. ಇಲ್ಲವಾದರೆ ಗಟ್ಟಿ.

ಇವತ್ತು ಮೂವತ್ತನೇ ದಿನ.

“ನೋಡವ್ವ ನೇತ್ರಾ,” ಎಂದರು ಪುಟ್ಟಸ್ವಾಮಿ, “ನೀನು ಆಸನದಿಂದ ಬಂದು ಪತ್ತೆ ಮಾಡಿದೀನಿ ಅಂತೀಯ. ಕೇಳ್ಸು. ಆದ್ರೆ ನಿನ್ ಪೆಟ್ಗೆ ಒಳೀಕೆ ಬರಂಗಿಲ್ಲ.”

ಪೆಟ್ಟಿಗೆ ಅಂದರೆ ಹೊರಗೆ ಗೂಡ್ಸ್ ಆಟೋದಲ್ಲಿದ್ದ ಆಳೆತ್ತರದ ಸ್ಪೀಕರ್. ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟ ಈಶ್ವರಯ್ಯನವರ ಮಗಳು ನೇತ್ರಾ. ಈಗ ಹಾಸನದ ಬಸ್‌ಸ್ಟ್ಯಾಂಡಿನ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹೆಸರು ಕಣ್ಣಿನದು, ಕಸುಬು ಕಿವಿಯದು.

“ಯಾಕೆ ಸರ್ ಬರಬಾರದು?”

“ಧ್ವನಿವರ್ಧಕ. ಪೊಲೀಸ್ನೋರ ಪರ್ಮಿಷನ್ ಎಲ್ಲಿ?”

“ಸರ್, ಊರಲ್ಲಿ ನಾಮಕರಣಕ್ಕೂ ಡಿಜೆ ಹಾಕ್ತೀರ.”

“ನಾಮಕರಣ ಬ್ಯಾರೆ, ನಡಾವಳಿ ಬ್ಯಾರೆ. ನಾಳೆ ಯಾರಾನ ಕೋರ್ಟಿಗೆ ಓದ್ರೆ ಸಭೆನೇ ರದ್ದಾಯ್ತದೆ. ನಿನ್ ಒಳ್ಳೇದಕ್ಕೇ ಏಳ್ತಾ ಇರೋದು.”

ನೇತ್ರಾ ವಾದಿಸಲಿಲ್ಲ. ಗಂಟೆ ಮೂರೂವರೆ. ಅವಳಿಗೆ ಬೇಕಾಗಿದ್ದದ್ದು ಜಗಳವಲ್ಲ, ಕಿವಿಗಳು.

“ಮೊದಲು ಲ್ಯಾಪ್‌ಟಾಪಲ್ಲೇ ಕೇಳಿ,” ಎಂದಳು.

ಪರದೆಯ ಮೇಲೆ ಸಂಘದ ಕಾರ್ಯದರ್ಶಿ ರಜನೀಶನ ಮುಖ ಮೂಡಿತು. ಅದೇ ರಜನೀಶ ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ. ಪರದೆಯಲ್ಲಿ ಅವನ ಹಿಂದೆ ಬರೀ ಮಂಜು. ಗೋಡೆಯನ್ನು ಮಸುಕು ಮಾಡುವ ಗುಂಡಿ ಒತ್ತಿದ್ದ. ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ದನಿ ಮಾತ್ರ ಮೇಜಿನ ಕೆಳಗೆಲ್ಲೋ ಸೊಳ್ಳೆ ಹಾರಿದಂತೆ ಬಂತು.

“ಅವ್ನು ಆಡ್ತಾ ಅವ್ನೋ, ಆಕಳಿಸ್ತಾ ಅವ್ನೋ?” ಎಂದಳು ಎರಡನೇ ಸಾಲಿನ ಚಿಕ್ಕಲಕ್ಷ್ಮಮ್ಮ. ನಾಲ್ಕು ಹಸು, ಎರಡು ಎಮ್ಮೆ, ಒಂದು ನಾಲಿಗೆ. ಮೂರಕ್ಕೂ ಊರಲ್ಲಿ ಹೆಸರಿತ್ತು.

ನೇತ್ರಾ ಲ್ಯಾಪ್‌ಟಾಪನ್ನು ಎತ್ತಿ, ಸಭೆಯ ಗೌರವಕ್ಕೆಂದು ಹಾಸಿದ್ದ ಕೆಂಪು ಮಖಮಲ್ಲನ್ನು ಎಳೆದು ಪಕ್ಕಕ್ಕಿಟ್ಟಳು.

“ಇದರ ಸ್ಪೀಕರ್ ಇರೋದು ಹೊಟ್ಟೆ ಕೆಳಗೆ. ಇಷ್ಟು ಹೊತ್ತು ಇದು ನಿಮಗೆ ಹಾಡ್ತಿರಲಿಲ್ಲ, ಬಟ್ಟೆಗೆ ಹಾಡ್ತಿತ್ತು.”

ಸೊಳ್ಳೆ ಜೇನ್ನೊಣವಾಯಿತು. ಯಾರೋ ಬುದ್ಧಿವಂತರು ಖಾಲಿ ಕ್ಯಾನು ತಂದು, ಅದರ ಬಾಯಿಯ ಮೇಲೆ ಲ್ಯಾಪ್‌ಟಾಪು ಕೂರಿಸಿದರು. ಜೇನ್ನೊಣಕ್ಕೆ ಈಗ ನೆಗಡಿಯೂ ಬಂತು.

“ಹಾಡು ಕೇಳ್ತಿದೆಯಾ?”

“ಕೇಳ್ತದೆ, ಕೇಳ್ತದೆ!”

“ಹಾಡಿನ ಹಿಂದೆ?”

ಎಲ್ಲರೂ ಕತ್ತು ಚಾಚಿದರು. ಏನೂ ಇರಲಿಲ್ಲ.

“ಏನೂ ಇಲ್ಲ ಅನ್ನೋದನ್ನ ನಂಬ್ಕೊಂಡೇ ನೀವು ರೇವಮ್ಮನ್ನ ಮನೆಗೆ ಕಳಿಸಿದ್ದು,” ಎಂದಳು ನೇತ್ರಾ. “ಮೇಷ್ಟ್ರೇ, ನೀವು ಹೇಳಿ.”

ಹಾರ್ಮೋನಿಯಂ ಮೇಷ್ಟ್ರು ರಾಮಣ್ಣ ಎದ್ದರು. ಹೊಳೆನರಸೀಪುರದವರು. ಹಳ್ಳಿ ಹಳ್ಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವುದು ಅವರ ವೃತ್ತಿ. ಮೊದಲು ತಿಂಗಳುಗಟ್ಟಲೆ ಚಾವಡಿಯಲ್ಲಿ ಮಲಗಿ ಕಲಿಸುತ್ತಿದ್ದರು. ಈಗ ಪಾತ್ರಧಾರಿಗಳು ಒಬ್ಬ ಅರಕಲಗೂಡಲ್ಲಿ, ಒಬ್ಬ ಚನ್ನರಾಯಪಟ್ಟಣದಲ್ಲಿ, ಒಬ್ಬ ಹಾಸನದ ಅಂಗಡಿಯಲ್ಲಿ. ಹಾಗಾಗಿ ಸಂಜೆ ಏಳಕ್ಕೆ ಲ್ಯಾಪ್‌ಟಾಪಿನಲ್ಲೇ ತಾಲೀಮು.

“ಅವತ್ತು ಏಳಕ್ಕೆ ಸರಿಯಾಗಿ ಶುರು ಮಾಡ್ದೆ ಸ್ವಾಮಿ,” ಎಂದರು ರಾಮಣ್ಣ. “ಒಬ್ಬ ಆಡೋವಾಗ ಮಿಕ್ಕೋರ ಮೈಕು ಬಂದ್. ಈ ರಜನೀಶ ದೂತನ ಪಾತ್ರ. ಎಲ್ಡೇ ಪದ, ಆದ್ರೂ ಜೀವ ಬುಟ್ಟು ಆಡ್ತಾನೆ. ನಾನು ಎಲ್ಲಾನೂ ರೆಕಾರ್ಡ್ ಮಾಡಿ ಮಡೀಕತೀನಿ, ತಪ್ಪಿದ್ದು ಅವ್ರೇ ಕೇಳ್ಕಳ್ಳಿ ಅಂತ.”

“ಲ್ಯಾಪ್‌ಟಾಪು ಗಾಳಿ ಸದ್ದು, ಮೋಟಾರು ಸದ್ದು ಎಲ್ಲ ತಾನೇ ತೆಗೆದುಹಾಕತ್ತೆ ಅಂತಾರಲ್ಲ?” ಎಂದು ನೇತ್ರಾ ಕೇಳಿದಳು, ಉತ್ತರ ಗೊತ್ತಿದ್ದೇ.

“ಅದ್ಕೇ ಒರಿಜಿನಲ್ ಸೌಂಡ್ ಬಟನ್ ಒತ್ರಯ್ಯ ಅಂತ ಬಡ್ಕತೀನಿ! ಒತ್ನಿಲ್ಲಾಂದ್ರೆ ಆ ಕಂಪ್ಯೂಟ್ರು ನನ್ ಆರ್ಮೋನೀನೇ ಗಲಾಟೆ ಅನ್ಕಂಡು ನುಂಗಾಕ್ಬುಡ್ತದೆ. ರಜನೀಶ ವಿಧೇಯ ಹುಡ್ಗ. ಒತ್ತಿದ್ದ.”

ವಿಧೇಯ ಹುಡುಗ ಕರ್ಚೀಪಿನಲ್ಲಿ ಕತ್ತು ಒರೆಸಿಕೊಂಡ.

“ನನ್ ಅಳಿಯ ಒಂದು ತೆಳ್ಳುಗಿನ ಲ್ಯಾಪ್‌ಟಾಪ್ ತಂದ್ಕೊಟ್ಟವ್ನೆ,” ರಾಮಣ್ಣನವರ ದೂರು ಮುಂದುವರಿಯಿತು. “ಅದ್ರಲ್ಲಿ ನನ್ ಆರ್ಮೋನಿ ಪೀಪಿ ಆಗೋಗದೆ. ಎಡಗಡೆ ದಪ್ಪ ಸೊರದ ಮನೆ ಒಂದೂ ಕೇಳ್ಸಾಕಿಲ್ಲ. ಕೆಟ್ಟೋಯ್ತು ಅನ್ಕಂಡು ಈವಮ್ಮನ ಅಂಗ್ಡಿಗೆ ತಂದೆ.”

“ಕೆಟ್ಟಿರಲಿಲ್ಲ,” ಎಂದಳು ನೇತ್ರಾ. “ಹುಟ್ಟಿದ್ದೇ ಹಾಗೆ. ದಪ್ಪ ದನಿ ಹೊರಡೋಕೆ ಎದೆಯಲ್ಲಿ ಜಾಗ ಬೇಕು, ಗಾಳಿ ಆಡ್ಬೇಕು. ಇವಕ್ಕೆ ಎದೆಯೇ ಇಲ್ಲ, ಬರೀ ಗಂಟಲು. ತಮಟೆ ಬಡಿದ್ರೂ ತಟ್ಟೆ ಬಡಿದ ಹಾಗೆ ಕೇಳತ್ತೆ. ಚೆಕ್ ಮಾಡೋಣ ಅಂತ ನಾನು ಇದನ್ನ ಹಾಕ್ಕೊಂಡೆ.”

ಚೀಲದಿಂದ ಹೆಡ್‌ಫೋನು ಹೊರಬಂತು. ತೆಂಗಿನ ಚಿಪ್ಪಿನ ಗಾತ್ರದ ಎರಡು ಬಟ್ಟಲು, ಸವೆದ ಮೆತ್ತೆ, ಸುರುಳಿ ವೈರು. ಈಶ್ವರಯ್ಯನವರ ಕಾಲದ್ದು.

“ಇದ್ರಲ್ಲಿ ಕೇಳಿದ್ರೆ ಹಾಡಿನ ಹಿಂದೆ ಇನ್ನೊಂದು ಹಾಡಿದೆ. ಅದನ್ನ ನಾನು ಹೇಳಲ್ಲ. ನೀವೇ ಒಬ್ಬೊಬ್ಬರಾಗಿ ಕೇಳಿ ಹೇಳಿ.”

ಇದೇ ಅವಳ ಮಹಾಯೋಜನೆ. ತಾನು ಹೇಳಿದರೆ ಅದು ಹಾಸನದ ಹುಡುಗಿಯ ಮಾತು. ಊರಿನ ಕಿವಿಯೇ ಕೇಳಿ, ಊರಿನ ಬಾಯಿಯೇ ಹೇಳಿದರೆ ಅದು ತೀರ್ಪು.

ವೈರಿನ ತುದಿ ಹಿಡಿದು ಲ್ಯಾಪ್‌ಟಾಪಿನ ಎಡಗಡೆ ನೋಡಿದಳು. ಬಲಗಡೆ ತೋರಿಸಿದಳು. ಚಿಕ್ಕಲಕ್ಷ್ಮಮ್ಮ ಕನ್ನಡಕ ಏರಿಸಿದಳು.

“ತೂತೇ ಇಲ್ವಲ್ಲಾ!”

“ತೆಳ್ಳಗಾಗೋ ಹಠದಲ್ಲಿ ಮುಚ್ಚಿಬಿಟ್ಟಿದಾರೆ,” ಎಂದು ನೇತ್ರಾ ಕಿರುಬೆರಳುದ್ದದ ವೈರೊಂದನ್ನು ಜೇಬಿನಿಂದ ತೆಗೆದಳು. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಹೆಡ್‌ಫೋನಿಗೆ. “ಅದಕ್ಕೆ ಈ ಬಾಲ.”

ಪುಟ್ಟಸ್ವಾಮಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಬಾಲಕ್ಕೆ ಪರ್ಮಿಷನ್ ಕೇಳುವ ಕಾನೂನು ಅವರಿಗೆ ತಕ್ಷಣ ನೆನಪಾಗಲಿಲ್ಲ.

ಮೊದಲ ಸರದಿ ಚಿಕ್ಕಲಕ್ಷ್ಮಮ್ಮನದು. ಸೆರಗು ಸರಿಸಿ, ಓಲೆ ತಿರುಗಿಸಿ, ತುರುಬಿನ ಮೇಲೆ ಹೆಡ್‌ಫೋನು ಕೂರಿಸುವುದಕ್ಕೇ ಒಂದು ನಿಮಿಷ. ನೇತ್ರಾ ತಾಲೀಮಿನ ಇಪ್ಪತ್ತೊಂದೂವರೆ ನಿಮಿಷಕ್ಕೆ ಒತ್ತಿದಳು.

ಚಿಕ್ಕಲಕ್ಷ್ಮಮ್ಮನ ಹುಬ್ಬು ಮೇಲೆ ಹೋಯಿತು. ಅಲ್ಲೇ ನಿಂತಿತು.

“ಅಯ್ಯೋ ನಮ್ ಮಿಷನ್ನೇ ಕಣ್ರೋ!” ಅವಳಿಗೆ ತನ್ನ ದನಿ ಕೇಳಿಸುತ್ತಿರಲಿಲ್ಲವಾದ್ದರಿಂದ, ಶಾಂತಿಗ್ರಾಮದವರೆಗೂ ಕೇಳಿಸುವಂತೆ ಕೂಗಿದಳು. “ಗುಂಯ್, ಗುಂಯ್, ಗುಂಯ್, ಧಡ್! ನಮ್ ಕುಂಟ್ ಮಿಷನ್ನು!”

ಸಭೆ ಎದ್ದು ನಿಂತಿತು.

ಆ ಊರಿನವರಿಗೆ ವಿವರಿಸಬೇಕಾಗಿರಲಿಲ್ಲ. ಸಂಘದ ತಂಪು ಯಂತ್ರದ ಕಾಲೊಂದು ಸಡಿಲವಾಗಿ ಎಂಟು ವರ್ಷವಾಗಿತ್ತು. ಮೂರು ಸಲ ಗುಂಯ್ಗುಟ್ಟಿ ಒಂದು ಸಲ ಗುದ್ದುತ್ತಿತ್ತು. ರೇವಮ್ಮ ಅದರ ಅಡಿಗೆ ಗೋಣಿತಾಟು ಮಡಿಸಿ ಇಟ್ಟಿದ್ದಳು, ಗುದ್ದು ಮೆತ್ತಗಾಗಿತ್ತೇ ಹೊರತು ನಿಂತಿರಲಿಲ್ಲ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲು ನಿಂತವರ ಎದೆಗೂಡಿಗೆ ಆ ಲಯ ಇಳಿದುಹೋಗಿತ್ತು.

“ಇನ್ನೂ ಕೇಳಿ,” ಎಂದು ನೇತ್ರಾ ಸನ್ನೆ ಮಾಡಿದಳು.

ಚಿಕ್ಕಲಕ್ಷ್ಮಮ್ಮ ಕೇಳಿದಳು. ಸ್ವಲ್ಪ ಹೊತ್ತಿಗೆ ಅವಳ ದನಿ ತಾನಾಗಿ ತಗ್ಗಿತು.

“ನಿಂತೋಯ್ತು. ಗುಂಯ್ಯ್ಯ್ ಅಂತ ಉಸ್ರು ಬುಟ್ಟು, ಗುದ್ದೂ ಸೇರಿ ನಿಂತೋಯ್ತು.”

“ಎಷ್ಟು ಹೊತ್ತಿಗೆ? ಅಲ್ಲೇ ಮೂಲೆಯಲ್ಲಿ ನೋಡಿ.”

“ಇಪ್ಪತ್ತೆರಡು ಅಂತ ತೋರ್ಸ್ತದೆ.”

“ಏಳಕ್ಕೆ ಶುರುವಾದ ತಾಲೀಮು. ಇಪ್ಪತ್ತೆರಡನೇ ನಿಮಿಷ. ರಜನೀಶ್ ಅವರೇ, ಅವತ್ತು ಏಳು ಇಪ್ಪತ್ತೆರಡಕ್ಕೆ ನೀವು ಎಲ್ಲಿದ್ರಿ ಅಂತ ಬರ್ಕೊಟ್ಟಿದೀರ?”

ರಜನೀಶ ಗಂಟಲು ಸರಿಮಾಡಿಕೊಂಡ. “ಅರಕಲಗೂಡಲ್ಲಿ. ನಮ್ ಹೆಂಡ್ತಿ ಮನೇಲಿ.”

“ನಿಮ್ಮ ಮಾವನ ಮನೆಯಲ್ಲೂ ಒಂದು ಕುಂಟ್ ಮಿಷನ್ ಇದೆಯಾ?”

ನಗು ಹೊರಗಿನ ಬೀಡಿಯವರೆಗೂ ಹಬ್ಬಿತು. ರೇವಮ್ಮ ಮಾತ್ರ ನಗಲಿಲ್ಲ. ಕುರ್ಚಿಯ ತುದಿಗೆ ಬಂದು ಕೂತಿದ್ದಳು.

“ಒಂದ್ನಿಮ್ಸ,” ಎಂದರು ಪುಟ್ಟಸ್ವಾಮಿ. “ಮಿಷನ್ನು ತಾನಾಗೇ ನಿಲ್ತದಲ್ಲವ್ವ? ಆಲು ತಣ್ಣಗಾದ್ರೆ ಕಟ್ ಆಯ್ತದೆ. ಅದ್ರಲ್ಲೇನಿದೆ ಪತ್ತೆದಾರಿಕೆ?”

ಕಿವಿಗೆ ಸಂಬಂಧಪಟ್ಟದ್ದಾದರೆ ನೇತ್ರಾಗೆ ಗೊತ್ತು. ಹಾಲಿಗೆ ಸಂಬಂಧಪಟ್ಟದ್ದು ಗೊತ್ತಿಲ್ಲ.

ಹಿಂದಿನಿಂದ ದನಿ ಬಂತು. ಮೂವತ್ತು ದಿನದಲ್ಲಿ ಸಂಘದೊಳಗೆ ರೇವಮ್ಮ ಆಡಿದ ಮೊದಲ ಮಾತು.

“ಇಲ್ಲ ಸಾ. ಸಂಜೆ ಆಲು ಸುರ್ದಿರೋದು ಆರೂವರೆಗೆ. ಕೆಚ್ಚಲಿಂದ ಬಂದ ಬಿಸಿ ಆರೇ ಇರಾಕಿಲ್ಲ. ಒಂಬತ್ ಗಂಟೆವರ್ಗೂ ಅದು ಉಸ್ರು ಬುಡಾಕಿಲ್ಲ. ಅಂಗೇನಾದ್ರೂ ಕಟ್ ಆದ್ರೂ, ಆಲು ಕಲಕೋ ರೆಕ್ಕೆ ತಿರುಗ್ತಾನೇ ಇರ್ತದೆ. ಗುದ್ದು ಬರೋದು ಆ ರೆಕ್ಕೆ ತಿರುಗ್ದಾಗ ಸಡ್ಲ ಕಾಲು ಅಲ್ಲಾಡೋದ್ರಿಂದ. ಗುಂಯ್ಯೂ ಗುದ್ದೂ ಒಟ್ಗೇ ನಿಂತವೆ ಅಂದ್ರೆ ಯಾರೋ ಮಿಷನ್ನಿನ ಮೇನ್ ಸ್ವಿಚ್ಚೇ ಆಫ್ ಮಾಡವ್ರೆ.”

ಹತ್ತೊಂಬತ್ತು ವರ್ಷದ ಅನುಭವದ ಮುಂದೆ ಪುಟ್ಟಸ್ವಾಮಿಯವರ ಕಾನೂನು ಸಣ್ಣದಾಗಿ ಕಂಡಿತು.

“ನೀನು ಏಳಕ್ಕೆ ಬೀಗ ಆಕ್ದಾಗ?” ಎಂದಳು ಚಿಕ್ಕಲಕ್ಷ್ಮಮ್ಮ, ಮೊದಲ ಬಾರಿಗೆ ಅವಳ ಮುಖ ನೋಡುತ್ತಾ.

“ಓಡ್ತಾ ಇತ್ತು ಕಣಕ್ಕ. ಇಪ್ಪತ್ತೆರಡು ನಿಮ್ಸಕ್ಕೆ ನಾನು ಮನೇಲಿ ಒಲೆ ಮುಂದೆ ಇದ್ದೆ.”

“ಎಲ್ಲರೂ ಕೇಳಿ,” ಎಂದಳು ನೇತ್ರಾ. “ಒಬ್ಬರೂ ಬಿಡಬೇಡಿ.”

ಇಲ್ಲಿ ನಮ್ಮ ಪತ್ತೇದಾರಿಣಿ ಮಾಡಿದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಅರವತ್ಮೂರು ತಲೆ, ಒಂದು ಹೆಡ್‌ಫೋನು. ತಲೆಗೆ ಒಂದೂವರೆ ನಿಮಿಷ. ಅದರಲ್ಲಿ ಕೇಳುವುದು ನಲವತ್ತು ಸೆಕೆಂಡು. ಉಳಿದದ್ದು ಪೇಟ, ತುರುಬು, ಕಿವಿಯ ಬೆಂಡೋಲೆ, ಮತ್ತು ‘ಎಡಗಡೆದು ಯಾವ್ದು?’ ಎಂಬ ಪ್ರಶ್ನೆಗೆ. ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು. ಹಸುಗಳಿಗೆ ಕಾಗದ ತೋರಿಸಿರಲಿಲ್ಲ.

ಕೇಳಿದವರ ಮುಖಗಳನ್ನು ನೋಡುತ್ತಾ ನೇತ್ರಾ ಹೊತ್ತು ಮರೆತಳು. ಒಬ್ಬ ಅಜ್ಜ ಕಣ್ಣು ಮುಚ್ಚಿ ಕೇಳಿದ. ‘ಮಿಷನ್ ಸತ್ತಂಗಾಯ್ತು ಕಣವ್ವ’ ಎಂದು ಹೆಡ್‌ಫೋನನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ. ಸ್ನೇಹಲತಾ ಎಂಬ ಹೊಸ ಸೊಸೆ ಕೇಳಿದವಳೇ ನೇರ ಹೋಗಿ ರೇವಮ್ಮನ ಪಕ್ಕ ಕೂತು, ಏನೂ ಹೇಳದೆ ಅವಳ ಕೈ ಹಿಡಿದುಕೊಂಡಳು. ನಾಗೇಶ ಎಂಬವನು ಎರಡು ಸಲ ಕೇಳಿ, ‘ಬಾಸ್ ಸೂಪರಾಗದೆ, ಎಷ್ಟು ಕೊಟ್ರಿ ಇದ್ಕೆ?’ ಎಂದು ಕೇಳಿ ಬೈಸಿಕೊಂಡ.

ಒಬ್ಬೊಬ್ಬರೂ ಕೇಳಿ, ತಲೆಯಾಡಿಸಿ, ಗಡಿಯಾರ ನೋಡಿದರು. ಕೆಲವರು ಒಬ್ಬೊಬ್ಬರಾಗಿ ಹೊರಗೆ ಜಾರಿದರು.

ಕೇಳುವುದಕ್ಕೆ ಕೊನೆಗೆ ಉಳಿದದ್ದು ರಜನೀಶ. ನೇತ್ರಾ ಹೆಡ್‌ಫೋನನ್ನು ಅವನ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ.

“ನೀವು ಇಲ್ಲೇ ಇದ್ರಿ. ಈ ಗೋಡೆ ಆಚೆ, ಆಫೀಸಿನಲ್ಲಿ. ಹಿಂದಿನ ಬಾಗಿಲಿನ ಎರಡನೇ ಕೀ ನಿಮ್ಮ ಹತ್ರ ಇತ್ತು.”

“ಇದ್ದೆ.”

ಅಷ್ಟು ಸುಲಭವಾಗಿ ಬಂದ ಉತ್ತರಕ್ಕೆ ಅವಳೇ ಸಿದ್ಧವಾಗಿರಲಿಲ್ಲ.

“ಯಾಕೆ ಸುಳ್ಳು ಹೇಳಿದ್ರಿ?”

“ಮನೇಲಿ ಆಡಾಕೆ ಬುಡಾಕಿಲ್ಲ ಮೇಡಂ.” ರಜನೀಶನ ದನಿಯಲ್ಲಿ ಇಸ್ತ್ರಿ ಬಿಚ್ಚಿಹೋಗಿತ್ತು. “ನಾನು ಬಾಯಿ ತೆಗುದ್ರೆ ಎಮ್ಮೆ ಆಲೇ ಬುಡಲ್ಲ ಅಂತಾರೆ ನಮ್ಮಪ್ಪ. ಊರವ್ರು ಕೇಳುದ್ರೆ ಸೆಕ್ರೆಟ್ರಿ ಡ್ಯೂಟಿ ಬುಟ್ಟು ನಾಟ್ಕ ಆಡ್ತಾನೆ ಅಂತಾರೆ. ಇಲ್ಲಿ ವೈಫೈ ಚೆನ್ನಾಗದೆ. ರೇವಮ್ಮಾರು ಬೀಗ ಆಕ್ಕಂಡು ಓದ ಮ್ಯಾಲೆ ಇಂದಗಡೆಯಿಂದ ಬಂದು ಕೂತ್ಕತಿದ್ದೆ. ಮನೇಲಿ ಅರಕಲಗೂಡಿಗೆ ಓಯ್ತೀನಿ ಅಂತ ಏಳಿದ್ದೆ. ಬೆಳಿಗ್ಗೆ ನೋಡುದ್ರೆ ಆಲು ಒಡೆದಿತ್ತು. ಇಲ್ಲೇ ಇದ್ದೆ ಅಂದ್ರೆ ನಾನೇ ಕಳ್ಳ ಆಯ್ತೀನಿ ಅಂತ ಅದ್ನೇ ಬರ್ಕೊಟ್ಬುಟ್ಟೆ.”

“ನಾನು ಕಳ್ಳಿ ಆದ್ರೆ ಪರವಾಗಿಲ್ವೇನಪ್ಪ?” ಎಂದಳು ರೇವಮ್ಮ. ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು.

ರಜನೀಶ ತಲೆ ತಗ್ಗಿಸಿದ.

“ಅಮ್ಮಾ, ತಪ್ಪಾಯ್ತು. ಆದ್ರೆ ಸ್ವಿಚ್ ಆಫ್ ಮಾಡಿದ್ದು ನಾನಲ್ಲ.”

“ಯಾರು ನಂಬ್ತಾರೆ?” ಎಂದರು ಪುಟ್ಟಸ್ವಾಮಿ.

“ನಾನು ನಂಬ್ತೀನಿ.” ರಾಮಣ್ಣ ಮೇಷ್ಟ್ರು ಹೆಡ್‌ಫೋನು ಕಿತ್ತುಕೊಂಡು ತಾವೇ ಹಾಕಿಕೊಂಡರು. ಬೆರಳಲ್ಲಿ ಮೇಜಿನ ಮೇಲೆ ತಾಳ ಹಾಕುತ್ತಾ ಕೇಳಿದರು. “ಈ ಅಂಗ್ಡಿ ಅಮ್ಮ ಇಂದುಗಡೆ ಗುಂಯ್ ಕೇಳ್ತು, ಮುಂದುಗಡೆ ಪದ ಕೇಳ್ನಿಲ್ಲ. ಗುಂಯ್ ನಿಂತಾಗ ಇವ್ನು ಪಲ್ಲವಿ ಮಧ್ಯ ಅವ್ನೆ. ಉಸ್ರೂ ತಗಂಡಿಲ್ಲ, ತಾಳಾನೂ ತಪ್ಪಿಲ್ಲ. ಎಲ್ಡು ಕೈನೂ ಪರದೆ ಮ್ಯಾಲೆ ಕಾಣ್ತವೆ ನೋಡಿ. ಮೇನ್ ಸ್ವಿಚ್ ಎಲ್ಲದೆ?”

“ಮಿಷನ್ ರೂಮಿನ ಬಾಗ್ಲ ಪಕ್ಕ,” ಎಂದಳು ರೇವಮ್ಮ. “ಆಫೀಸಿಂದ ಅನ್ನೆರಡು ಎಜ್ಜೆ.”

“ಅನ್ನೆರಡು ಎಜ್ಜೆ ಓಗಿ ಬಂದು ಅದೇ ಸೊರದಲ್ಲಿ ಕೂತ್ಕಳ ದೂತ ನನ್ ಇಡೀ ಸರ್ವೀಸಲ್ಲಿ ಸಿಕ್ಕಿಲ್ಲ.”

ನೇತ್ರಾಳೂ ಇಪ್ಪತ್ತು ಸಲ ಕೇಳಿದ್ದಳು. ಹಿಂದಿನ ಸದ್ದು ಹುಡುಕುವ ಸಂಭ್ರಮದಲ್ಲಿ ಮುಂದಿನ ಸದ್ದನ್ನೇ ಬಿಟ್ಟಿದ್ದಳು.

ಅಂದರೆ ಏಳು ಇಪ್ಪತ್ತೆರಡಕ್ಕೆ ಆ ಕಟ್ಟಡದಲ್ಲಿ ಇಬ್ಬರಿದ್ದರು. ಒಬ್ಬ ಹಾಡುತ್ತಿದ್ದ.

ಅವಳು ಬಾಗಿಲಿಗೆ ಬೆನ್ನು ಹಾಕಿ, ರಜನೀಶನ ಎದುರು ಕುರ್ಚಿ ಎಳೆದುಕೊಂಡು ಕೂತಳು. ದನಿ ಇಳಿಸಿದಳು.

“ನೋಡಿದ್ರಾ?”

ಪರದೆಯ ಮೇಲೆ ಅವನದೇ ಮುಖ ಬಾಯಿ ತೆರೆದು ನಿಂತಿತ್ತು.

“ಆಫೀಸಿನ ಕಿಟಕಿಯಿಂದ ಮಿಷನ್ ರೂಮಿನ ಬಾಗಿಲು ಕಾಣತ್ತೆ. ನಾನು ಬೆಳಿಗ್ಗೆ ಕೂತು ನೋಡಿದೀನಿ. ಹಾಡ್ತಾ ಹಾಡ್ತಾ ನಿಮ್ಮ ಕಣ್ಣು ಒಂದ್ಸಲ ಆ ಕಡೆ ತಿರುಗತ್ತೆ. ಅದೂ ರೆಕಾರ್ಡಾಗಿದೆ.”

“ಮೇಡಂ, ನಂಗೆ ಇಲ್ಲೇ ಬದುಕ್ಬೇಕು.”

“ರೇವಮ್ಮಂಗೂ ಇಲ್ಲೇ ಬದುಕ್ಬೇಕು.”

ರಜನೀಶ ಎದ್ದು ನಿಂತ. ದೂತನ ಪಾತ್ರದವನು ಮೊದಲ ಸಲ ತನ್ನದೇ ಸುದ್ದಿ ಹೊತ್ತು ನಿಂತಂತೆ ನಿಂತ.

“ಏಳ್ತೀನಿ. ಆದ್ರೆ ನಡಾವಳೀಲಿ ಬರ್ಕಬೇಕು. ಸಭೆ ಮುಂದೆ ಏಳಿದ್ದು ಅಂತ ಇದ್ರೆ, ನಾಳೆ ಯಾರೂ ನನ್ನ ಬಾಯಿ ಮುಚ್ಚಾಕೆ ಆಗಾಕಿಲ್ಲ. ಬರ್ಕಳಿ ಅಧ್ಯಕ್ಷ್ರೇ.”

ಪುಟ್ಟಸ್ವಾಮಿ ಪೆನ್ನಿನ ಮುಚ್ಚಳ ತೆಗೆದರು. ನಡಾವಳಿ ಪುಸ್ತಕದ ಪುಟ ತಿರುವಿದರು. ದಿನಾಂಕ ಬರೆದರು. ಸಮಯ ಬರೆದರು: ಐದು ಗಂಟೆ ಹತ್ತು ನಿಮಿಷ.

“ಅವತ್ತು ಸ್ವಿಚ್ ಆಫ್ ಮಾಡ್ದೋರು—”

“ಒಂದ್ನಿಮ್ಸ.” ಪೆನ್ನು ನಿಂತಿತು. “ಏಳಿಕೆ ಬರ್ಕಳೋಕೆ ಮುಂಚೆ ತಲೆ ಎಣಿಸ್ಬೇಕು. ಕೋರಂ. ಮೂರರಲ್ಲಿ ಒಂದು ಪಾಲು ಇರ್ಲೇಬೇಕು. ನೂರಿಪ್ಪತ್ತು ಸದಸ್ಯರಿಗೆ ನಲವತ್ತು.”

ನೇತ್ರಾ ಆಗ ತಿರುಗಿ ನೋಡಿದಳು.

ಸಾಲು ಸಾಲಿನಲ್ಲೂ ಖಾಲಿ ಕುರ್ಚಿ. ಅರವತ್ಮೂರು ಜನರಲ್ಲಿ ಎದ್ದವರು ಎಲ್ಲಿ ಹೋದರೆಂದು ಕೇಳುವ ಅಗತ್ಯವಿರಲಿಲ್ಲ. ಐದು ಗಂಟೆಗೆ ಹಸು ಕೂಗುತ್ತದೆ. ಆ ಕೂಗು ಯಾವ ತೆಳ್ಳನೆ ಸ್ಪೀಕರಿನಿಂದಲೂ ಬರುವುದಲ್ಲ. ನೇರ ಕೆಚ್ಚಲಿನಿಂದ ಬರುತ್ತದೆ. ಹಾಲಿನ ಸಂಘದ ಸದಸ್ಯರನ್ನು ಹಾಲು ಕರೆಯುವ ಹೊತ್ತಿಗೆ ಸರದಿಯಲ್ಲಿ ನಿಲ್ಲಿಸಿದ್ದಳು ನಮ್ಮ ಪತ್ತೇದಾರಿಣಿ.

ಪುಟ್ಟಸ್ವಾಮಿ ಪೆನ್ನಿನ ತುದಿಯಿಂದ ಒಂದೊಂದೇ ತಲೆ ಮುಟ್ಟಿದಂತೆ ಎಣಿಸಿದರು. ತಮ್ಮನ್ನೂ ಎಣಿಸಿಕೊಂಡರು. ನ್ಯಾಯವಾಗಿ ರಜನೀಶನನ್ನೂ ಎಣಿಸಿದರು.

“ಮೂವತ್ತೊಂಬತ್ತು.”

“ಇನ್ನೊಂದ್ಸಲ ಎಣಿಸಿ.”

ಇನ್ನೊಂದು ಸಲವೂ ಮೂವತ್ತೊಂಬತ್ತೇ. ಚಿಕ್ಕಲಕ್ಷ್ಮಮ್ಮ ತಾನೇ ಎದ್ದು ಬೆರಳು ಮಡಿಸಿ ಎಣಿಸಿದಳು. ಮೂವತ್ತೊಂಬತ್ತು.

“ಇರಿ, ಹೊರಗಿಂದ ಒಬ್ಬರನ್ನ ಕರ್ಕೊಂಡು ಬರ್ತೀನಿ!” ನೇತ್ರಾ ಬಾಗಿಲಿನ ಅರ್ಧ ದಾರಿಗೆ ಓಡಿದ್ದಳು.

“ಕೋರಂ ತಪ್ಪಿದ್ ಕ್ಷಣಕ್ಕೆ ಸಭೆ ಮುಗೀತು ಕಣವ್ವ.” ಪುಟ್ಟಸ್ವಾಮಿ ಪುಸ್ತಕ ಮುಚ್ಚಿದರು. “ಆಮ್ಯಾಕೆ ನೂರ್ ಜನ ಬಂದ್ರೂ ಅದು ಸಭೆ ಅಲ್ಲ, ಜನ ಅಷ್ಟೆ. ಮತ್ತೆ ಕರೀಬೇಕಂದ್ರೆ ಏಳ್ ದಿನದ್ ನೋಟೀಸು. ನನ್ ಕೈಲಿ ಏನದೆ ಏಳು? ಕಾನೂನು.”

“ಇವತ್ತೇ ಕೊನೇ ದಿನ ಸರ್! ಮೂವತ್ತನೇ ದಿನ! ರೇವಮ್ಮನ್ನ ತೆಗೆದ ಆದೇಶ ಗಟ್ಟಿ ಆಗ್ಬಿಡತ್ತೆ!”

“ಅದೇ ನಂಗೂ ಬ್ಯಾಸ್ರ.”

ರಜನೀಶ ನಿಂತೇ ಇದ್ದ. ಬಾಯಿ ತೆರೆದೇ ಇತ್ತು. ನಿಧಾನವಾಗಿ ಮುಚ್ಚಿಕೊಂಡ.

“ರಜನೀಶ್, ಹೇಳಿ. ನಾನು ಕೇಳ್ತಿದೀನಿ. ಇಷ್ಟು ಜನ ಕೇಳ್ತಿದಾರೆ.”

“ಸಭೆನೇ ಇಲ್ದಿದ್ ಮ್ಯಾಲೆ ನಾನು ಏನೂ ಏಳೇ ಇಲ್ಲ ಮೇಡಂ,” ಎಂದು ಅವನು ಪಿಸುಗುಟ್ಟಿದ. ಕಣ್ಣಲ್ಲಿ ನೀರಿತ್ತು. ಕುರ್ಚಿಗಳ ನಡುವೆ ಯಾರಿಗೂ ತಾಗದಂತೆ ದಾಟಿ, ಹಿಂದಿನ ಬಾಗಿಲಿನಿಂದ ಹೊರಟುಹೋದ. ಪುಟ್ಟಸ್ವಾಮಿ ನಡಾವಳಿ ಪುಸ್ತಕ ಕಂಕುಳಿಗೆ ಸೇರಿಸಿ ಮುಂದಿನ ಬಾಗಿಲಿನಿಂದ ಇಳಿದರು.

ಒಂದು ತಲೆ. ನೇತ್ರಾ ಕುರ್ಚಿ ಹಿಡಿದುಕೊಂಡು ನಿಂತಳು. ಒಂದೇ ಒಂದು ತಲೆ.

“ಈಗ ತಾನೇ ಎದ್ದು ಹೋದವರು ಯಾರು? ಕೊನೆಗೆ ಹೋದವರು?”

ಚಿಕ್ಕಲಕ್ಷ್ಮಮ್ಮ ಗಲ್ಲ ಎತ್ತಿ ಬಾಗಿಲ ಕಡೆ ತೋರಿಸಿದಳು. ಬಾಗಿಲ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಅದರ ಪಕ್ಕ ಸ್ನೇಹಲತಾ ಒಬ್ಬಳೇ ಕೂತಿದ್ದಳು, ಹಿಡಿಯಲು ಕೈಯಿಲ್ಲದೆ.

“ರೇವಮ್ಮನೂ ಸದಸ್ಯೇನೇ ಕಣವ್ವ,” ಎಂದಳು ಚಿಕ್ಕಲಕ್ಷ್ಮಮ್ಮ. “ಅವಳ್ದೂ ಒಂದು ಅಸ ಅದೆ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತಾ ರೇವಮ್ಮ ಒಳಗೆ ಬಂದಳು. ಮೂವತ್ತು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ನಗುವಿತ್ತು.

“ಎಲ್ಲಿಗೆ ಹೋಗಿದ್ರಿ ಅಮ್ಮಾ?” ನೇತ್ರಾ ಎದುರಿಗೆ ಓಡಿದಳು. “ಈಗ ಯಾಕೆ ಹೋದ್ರಿ?”

“ಆಲು ಬರೋ ಒತ್ತಾಯ್ತಲ್ಲವ್ವ. ‘ಓಗು ರೇವಮ್ಮ, ನೀನೇ ರೂಮ್ ತಕ್ಕಂಡು ಮಿಷನ್ ತೊಳುದು ರೆಡಿ ಮಾಡು’ ಅಂತ, ನೀನು ರಜನೀಶನ್ನ ಕೇಳ್ತಾ ಕೂತಿದ್ದಾಗ, ಅಧ್ಯಕ್ಷ್ರು ಮೆತ್ತಗೆ ಕರ್ದು ಕೀ ಕೊಟ್ರು.”

ಅವಳು ಅಂಗೈ ಬಿಡಿಸಿ ತೋರಿಸಿದಳು.

“ಕೀ ಕೊಟ್ರು ಅಂದ್ರೆ ನನ್ ಕೆಲ್ಸ ನಂಗೆ ಬಂತು ಅಂತ ತಾನೆ?”